ಅಮ್ಮನ 'ಬೇಡ' ಮತ್ತು ಕಾಲಂ ಸಾಹೇಬರ ತುರ್ತು

ಕಾಲಂ ಸಾಹೇಬರ ಹೊಟ್ಟೆ ಕೆಟ್ಟ ಸುದ್ದಿ ಅವರಿಗಿಂತ ಮೊದಲು ಬೀದಿಗೆ ತಲುಪುತ್ತಿತ್ತು. ಇದು ಅವರ ಬಹುಕಾಲದ ದೂರು. ಬೆಳಿಗ್ಗೆ ಅವರು ಎರಡನೆಯ ಸಲ ಬಾತ್‌ರೂಮಿನ ಬಾಗಿಲು ಹಾಕಿಕೊಂಡರೆ ಸಾಕು, ಅವರ ತಾಯಿ ಫೋನ್ ಕೈಗೆತ್ತಿಕೊಳ್ಳುತ್ತಿದ್ದರು. ಸಾಹೇಬರು ಹೊರಬಂದು, ಬಟ್ಟೆ ಹಾಕಿಕೊಂಡು, ಮೆಟ್ಟಿಲಿಳಿದು ಬೀದಿ ಸೇರುವಷ್ಟರಲ್ಲಿ ಇಸ್ತ್ರಿ ಅಂಗಡಿಯವನು "ಈಗ ಹೇಗಿದೆ ಸಾರ್?" ಎಂದು ವಿಚಾರಿಸುತ್ತಿದ್ದ. ಹಾಗೆ ವಿಚಾರಿಸುವಾಗ ಅವನ ಕಣ್ಣು ಸಾಹೇಬರ ಮುಖದ ಮೇಲೆ ಇರುತ್ತಿರಲಿಲ್ಲ (ಎಲ್ಲಿರುತ್ತಿತ್ತು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ). ಬಸ್ ಸ್ಟಾಪಿನಲ್ಲಿ ಎದುರು ಮನೆಯಾಕೆ ಏನು ಕುಡಿಯಬೇಕು, ಏನು ಮುಟ್ಟಲೇಬಾರದು ಎಂದು ಹತ್ತು ಜನರ ಎದುರಿಗೆ ಬುದ್ಧಿ ಹೇಳುತ್ತಿದ್ದರು. ಆ ಹತ್ತು ಜನರೂ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು.

ಇಷ್ಟೆಲ್ಲ ಆಗುತ್ತಿದ್ದದ್ದು ಯಾರಿಗೆ ಅಂತೀರಿ? ಊರಿನ ದೊಡ್ಡಾಸ್ಪತ್ರೆಯ ದಾಖಲೆ ವಿಭಾಗದ ಮುಖ್ಯಸ್ಥರಿಗೆ! ಲಕ್ಷಾಂತರ ರೋಗಿಗಳ ಗುಟ್ಟನ್ನು ಕಬ್ಬಿಣದ ಕಪಾಟಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಇಟ್ಟು ಕಾಯುವ ಮಹಾನುಭಾವರಿಗೆ! ಖಾಲಿ ಹಾಳೆ ಕಂಡರೆ ಸುಮ್ಮನಿರಲಾರದೆ ಸ್ಕೇಲು ಇಟ್ಟು ಗೆರೆ ಎಳೆಯುವ ಅಭ್ಯಾಸ ಅವರಿಗಿದ್ದುದರಿಂದ ಕಚೇರಿಯವರು ಅವರಿಗೆ ಕಾಲಂ ಸಾಹೇಬರು ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅಂಗಡಿ ಸಾಮಾನಿನ ಚೀಟಿಗೂ ಕ್ರಮ ಸಂಖ್ಯೆ, ವಸ್ತು, ಪ್ರಮಾಣ, ಷರಾ ಎಂದು ನಾಲ್ಕು ಕಾಲಂ ಇರುತ್ತಿತ್ತು. ಸಾಬೂನಿನ ಮುಂದೆ ಷರಾ ಕಾಲಂನಲ್ಲಿ ಏನು ಬರೆಯಬೇಕೆಂದು ಶ್ರೀಮತಿಯವರಿಗೆ ಇಪ್ಪತ್ತೆರಡು ವರ್ಷಗಳಿಂದಲೂ ತಿಳಿದಿರಲಿಲ್ಲ.

ಆ ವರ್ಷ ಊರಿನ ಹದಿನೇಳು ಆಸ್ಪತ್ರೆಗಳೂ ಸೇರಿ ಒಂದು ಸಮಿತಿ ಮಾಡಿದ್ದವು. ರೋಗಿಯ ವಿಷಯವನ್ನು ಯಾರಿಗೆ ತೋರಿಸಬಹುದು, ಯಾರಿಗೆ ಕೂಡದು ಎಂಬುದಕ್ಕೆ ಅಷ್ಟರವರೆಗೆ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಪದ್ಧತಿ. ಒಂದು ಕಡೆ ಇರುವೆ ಗಾತ್ರದ ಅಕ್ಷರದ ಆರು ಪುಟಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಇನ್ನೊಂದು ಕಡೆ ಏನೂ ಕೇಳದೆ, ಬಾಗಿಲ ಬಳಿ ನಿಂತು ಹೆಸರಿನ ಜೊತೆಗೆ ಕಾಯಿಲೆಯನ್ನೂ ಕೂಗಿ ಕರೆಯುತ್ತಿದ್ದರು. ಇನ್ನು ಮೇಲೆ ರೋಗಿ ಒಮ್ಮೆ ಹೇಳಿದ ಹೌದು, ಬೇಡಗಳು ಅವನ ಕಡತದ ಜೊತೆಯಲ್ಲೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಬೇಕು, ಎಲ್ಲ ಕಂಪ್ಯೂಟರುಗಳೂ ಅದನ್ನು ಒಂದೇ ರೀತಿ ಓದಿಕೊಳ್ಳಬೇಕು, ಹಾಗೊಂದು ಮಾನದಂಡ ಬೇಕು ಎಂದು ತೀರ್ಮಾನವಾಯಿತು. ಕರಡು ಬರೆಯುವ ಕೆಲಸ ಕಾಲಂ ಸಾಹೇಬರಿಗೆ ಬಂತು. ಅವತ್ತು ಅವರು ಮನೆಗೆ ನಡೆದು ಬರಲಿಲ್ಲ, ಹಾರಿ ಬಂದರು.

ಮೂರು ತಿಂಗಳು ಅವರು ಬೇರೆ ಮಾತೇ ಆಡಲಿಲ್ಲ. 'ಹತ್ತಿರದ ಸಂಬಂಧಿ' ಎಂದರೆ ಯಾರು ಎಂಬುದರ ಮೇಲೆ ಸಮಿತಿ ಇಡೀ ಒಂದು ಮಧ್ಯಾಹ್ನ ಜಗಳವಾಡಿತು. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟಿರುವ ಅಣ್ಣತಮ್ಮಂದಿರು ಹತ್ತಿರದವರೋ ದೂರದವರೋ ಎಂದು ಹಲ್ಲಿನ ಡಾಕ್ಟರೊಬ್ಬರು ಕೇಳಿದರು. ಆಗ ನಮ್ಮ ಸಾಹೇಬರು ಎದ್ದು ನಿಂತು, "ಸಂಬಂಧ ನೋಡೋದೇ ಬೇಡ! ರೋಗಿ ಯಾರ ಮುಂದೆ ಹೌದು ಅಂತ ಬರೀತಾನೋ ಅವನೇ ಹತ್ತಿರದವನು!" ಎಂದರು. ಸಭೆ ಚಪ್ಪಾಳೆ ತಟ್ಟಿತು. ಸಾಹೇಬರ ಎದೆ ಎರಡಂಗುಲ ಉಬ್ಬಿತು.

ಕೊನೆಗೆ ಅವರ ನಮೂನೆ ಒಂದೇ ಪುಟಕ್ಕೆ ಇಳಿಯಿತು. ಯಾರಿಗೆ? ಏನನ್ನು? ಯಾತಕ್ಕೆ? ಎಷ್ಟು ದಿನ? ನಾಲ್ಕೇ ನಾಲ್ಕು ಕಾಲಂ! ಕೆಳಗೆ ಎರಡು ನಿಯಮ. ಒಂದು, ಬೇಡ ಎಂದವರನ್ನು 'ಯಾಕೆ ಬೇಡ' ಎಂದು ಯಾರೂ ಪೀಡಿಸುವಂತಿಲ್ಲ. ಎರಡು, ರೋಗಿ ಪ್ರಜ್ಞೆ ತಪ್ಪಿ ಬಿದ್ದಿರುವಾಗ ಅನುಮತಿ ಕೇಳುತ್ತಾ ಕೂರಲು ಆಗುವುದಿಲ್ಲವಾದ್ದರಿಂದ ಕಂಪ್ಯೂಟರಿನಲ್ಲಿ ಒಂದು ಕೆಂಪು ಗುಂಡಿ, ಅದರ ಮೇಲೆ 'ತುರ್ತು'. ಅದನ್ನು ಒತ್ತಿದರೆ ಕಡತ ತೆರೆಯುತ್ತದೆ, ಅದೇ ಕ್ಷಣದಲ್ಲಿ ತುರ್ತು ವಿಭಾಗಕ್ಕೂ ಗಂಟೆ ಹೊಡೆಯುತ್ತದೆ. ತುರ್ತು ಎಂದು ಸುಳ್ಳು ಹೇಳಿ ಕಡತ ಇಣುಕುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ ಎಂದು ಸಾಹೇಬರು ಈ ಗುಂಡಿಯ ವಿಷಯದಲ್ಲಿ ವಿಶೇಷವಾಗಿ ಬೀಗುತ್ತಿದ್ದರು.

ಸಮಿತಿಯ ಅಧ್ಯಕ್ಷೆ ಒಬ್ಬ ಹಿರಿಯ ಡಾಕ್ಟರಮ್ಮ. ಕನ್ನಡಕದ ಮೇಲಿಂದ ನೋಡಿ ಮಾತಾಡುವವರು.

"ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಇರುತ್ತೆ. ನಿಜವಾದ ಜನರ ಮೇಲೆ ಹತ್ತು ದಿನ ಓಡಿಸಿ ನೋಡಿ," ಎಂದರು ಅವರು. "ಯಾರು ಯಾರ ವಿಷಯ ಕೇಳಿದ್ರು, ಸಿಕ್ತಾ ಇಲ್ವಾ ಅಂತ ಒಂದು ಪುಸ್ತಕದಲ್ಲಿ ಬರೆಸಿ ತನ್ನಿ. ಮುಂದಿನ ಶುಕ್ರವಾರದಾಚೆ ಶುಕ್ರವಾರ ಸಭೆ. ಪಾಸಾದ್ರೆ ಹದಿನೇಳೂ ಆಸ್ಪತ್ರೆಗೆ ನಿಮ್ಮದೇ ನಮೂನೆ. ಇಲ್ಲದಿದ್ರೆ ಆ ಆರು ಪುಟದ್ದೇ ಗತಿ."

ನಿಜವಾದ ಜನ! ಅವರನ್ನು ಎಲ್ಲಿ ಹುಡುಕುವುದು? ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಸಾಹೇಬರ ತಲೆಯಲ್ಲಿ ದೀಪ ಹತ್ತಿತು. ತಮ್ಮ ಮನೆಯವರಿಗಿಂತ ನಿಜವಾದ ಜನ ಇನ್ನೆಲ್ಲಿ! ಪ್ರಯೋಗವೂ ಆಯಿತು, ಅಮ್ಮನ ಬಾಯಿಗೆ ಬೀಗವೂ ಬಿತ್ತು! ಆ ಖುಷಿಯಲ್ಲಿ ಅವರು ತಮ್ಮ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿ ಇಳಿದರು.

ಅವತ್ತೇ ಸಂಜೆ ಊಟದ ಮೇಜಿನ ಸುತ್ತ ಮಹಾಸಭೆ ನೆರೆಯಿತು. ಶ್ರೀಮತಿಯವರು ಒಂದು ಶಾಲೆಯ ಲೈಬ್ರರಿ ನೋಡಿಕೊಳ್ಳುವವರು. ತಡವಾಗಿ ಪುಸ್ತಕ ತಂದ ಹೆಡ್‌ಮಾಸ್ತರನ್ನೇ ಬಾಗಿಲಲ್ಲಿ ನಿಲ್ಲಿಸಿದ ಖ್ಯಾತಿ ಅವರದು. ಆದ್ದರಿಂದ ಯಾರು ಏನು ಕೇಳಿದರು ಎಂದು ಬರೆಯುವ ಪುಸ್ತಕ ಅವರ ಪಾಲಿಗೆ ಬಂತು.

"ನೋಡ್ರೀ, ನಾನು ಬರೆಯೋಕೆ ಶುರು ಮಾಡಿದ್ರೆ ಯಾರ ಮುಖಾನೂ ನೋಡಲ್ಲ," ಎಂದರು.

"ಅದೇ ಬೇಕು ಕಣೇ! ನಿಷ್ಪಕ್ಷಪಾತ! ನಾನೇ ಕೇಳಿದ್ರೂ ಬರಿ!" ಎಂದು ಸಾಹೇಬರು ಮೇಜು ಗುದ್ದಿದರು. (ಈ ಮಾತು ಅವರ ಬಾಯಿಂದಲೇ ಬಂದದ್ದು. ಆಮೇಲೆ ಇಲ್ಲ ಅನ್ನಬಾರದು.)

ಎಲ್ಲರೂ ನಮೂನೆ ತುಂಬಿದರು. ಕಾಲೇಜಿಗೆ ಹೋಗುವ ಮಗಳು ಅಪ್ಪನ ಹೆಸರಿನ ಮುಂದೆ 'ಜ್ವರ ಮಾತ್ರ, ನೂರು ಡಿಗ್ರಿಯವರೆಗೆ' ಎಂದು ಬರೆದಳು. ಅದಕ್ಕಿಂತ ಮೇಲೆ ಹೋದರೆ ಅಪ್ಪ ಮನೆಯಲ್ಲೆಲ್ಲ ಓಡಾಡಿ ತಲೆ ತಿನ್ನುತ್ತಾರೆ ಎಂಬುದು ಅವಳ ವಿವರಣೆ. ಶ್ರೀಮತಿಯವರು 'ಗಂಡ: ತಲೆನೋವು ಮಾತ್ರ' ಎಂದು ಹಾಕಿ, ಯಾತಕ್ಕೆ ಎಂಬ ಕಾಲಂನಲ್ಲಿ 'ಬರಿಸುವವರು ಅವರೇ ಆದ್ದರಿಂದ' ಎಂದು ಸ್ಫುಟವಾಗಿ ಬರೆದರು. ಸಾಹೇಬರು ತಮ್ಮ ನಮೂನೆಯಲ್ಲಿ ತಾಯಿಯ ಹೆಸರಿನ ಮುಂದೆ 'ಬೇಡ' ಎಂದು ಬರೆದು ಅಡಿಯಲ್ಲಿ ಎರಡು ಗೆರೆ ಎಳೆದರು.

ಅಮ್ಮ ಮಾತ್ರ ಕನ್ನಡಕ ಒರೆಸಿಕೊಂಡು, ಹಾಳೆ ತೆಗೆದುಕೊಂಡು, ಕಿಟಕಿಯ ಕಡೆ ತಿರುಗಿ ಕುಳಿತರು. ಮುಕ್ಕಾಲು ಗಂಟೆ ಆಯಿತು. ಪರೀಕ್ಷೆ ಬರೆಯುವವರು ಕೂಡ ಅಷ್ಟು ಯೋಚಿಸುವುದಿಲ್ಲ. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಸೆಯ ಕೈಗಿಟ್ಟರು. ಸಾಹೇಬರು ಕತ್ತು ಚಾಚಿ ಓದಿದರು. ಸೊಸೆ: ಹೌದು, ಎಲ್ಲ. ಮೊಮ್ಮಗಳು: ಹೌದು, ಎಲ್ಲ. ಮಗ: ಬೇಡ.

"ಅಮ್ಮಾ, ತಪ್ಪು ಜಾಗದಲ್ಲಿ ಬರೆದಿದ್ದೀಯ ನೋಡು."

"ಇಲ್ಲಪ್ಪ, ಕನ್ನಡಕ ಹಾಕ್ಕೊಂಡೇ ಬರೆದಿದ್ದು."

"ಮಗ ಅಂದ್ರೆ ನಾನು!"

"ಗೊತ್ತು ಕಣೋ. ಅರವತ್ತೆಂಟಾಗಿದೆ, ಮರೆವು ಇನ್ನೂ ಬಂದಿಲ್ಲ. ಬಂದಿದ್ರೂ ಇನ್ಮೇಲೆ ನಿನಗೆ ಹೇಳೋ ಹಾಗಿಲ್ಲ."

ಸಾಹೇಬರ ಮುಖ ಸಪ್ಪಗಾಯಿತು. ಯಾಕಮ್ಮ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಯಾಕೆ ಎಂದು ಕೇಳಕೂಡದೆಂದು ನಿಯಮ ಬರೆದವರು ಅವರೇ! ಶ್ರೀಮತಿಯವರು ಪೆನ್ನಿನ ಮುಚ್ಚಳ ತೆಗೆದು ಸಿದ್ಧರಾಗಿ ಕುಳಿತಿದ್ದರು. ಸಾಹೇಬರು ಕೈ ತೊಳೆಯಲು ಎದ್ದುಹೋದರು.

ಆದರೂ ಮೊದಲ ಎರಡು ದಿನ ಏನು ಸೊಗಸು ಅಂತೀರಿ! ಅಮ್ಮ ಫೋನ್ ಮುಟ್ಟಿದರೂ ಮಳೆ, ಬಿಸಿಲಿನ ವಿಷಯ ಬಿಟ್ಟು ಬೇರೆ ಆಡಲಿಲ್ಲ. ಸಾಹೇಬರಿಗೆ ಸೀನು ಬಂದರೂ ಬೀದಿಗೆ ಗೊತ್ತಾಗಲಿಲ್ಲ. ಎಲ್ಲರ ನಮೂನೆಯನ್ನೂ ಅವರು ಆಸ್ಪತ್ರೆಯ ಪ್ರಯೋಗದ ಕಂಪ್ಯೂಟರಿಗೆ ಏರಿಸಿದರು. ಹದಿನೇಳು ಆಸ್ಪತ್ರೆ! ಹದಿನೇಳು ಗೋಡೆಗಳ ಮೇಲೆ ತಾವು ಗೆರೆ ಎಳೆದ ಹಾಳೆ! ಸ್ನಾನ ಮಾಡುವಾಗಲೂ ಅವರು ಆ ಸಂಖ್ಯೆಯನ್ನೇ ಗುನುಗುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಮರೆತ ಕಡತ ತೆಗೆದುಕೊಂಡು ಹೋಗಲು ಮನೆಗೆ ಬಂದರೆ ಅತ್ತೆ ಸೊಸೆ ಇಬ್ಬರೂ ಹೊರಡಲು ನಿಂತಿದ್ದಾರೆ. ಅಮ್ಮನ ಕೈಯಲ್ಲಿ ಒಂದು ಉಬ್ಬಿದ ಚೀಲ.

"ಎಲ್ಲಿಗೆ ಹೊರಟ್ರಿ?" ಎಂದು ಹೆಂಡತಿಯನ್ನು ಕೇಳಿದರು.

"ಅತ್ತೆಯವರ ಆರೋಗ್ಯದ ವಿಷಯ. ನಿಮ್ಮ ಹೆಸರಿನ ಮುಂದೆ ಬೇಡ ಅಂತಿದೆ," ಎಂದು ಶ್ರೀಮತಿಯವರು ಕಂಕುಳಿಂದ ಪುಸ್ತಕ ತೆಗೆದು ನಿಂತಲ್ಲೇ ಬರೆದುಕೊಂಡರು. ಕ್ರಮ ಸಂಖ್ಯೆ ಒಂದು. ಕೇಳಿದವರು: ಗಂಡ. ಕೊಟ್ಟದ್ದು: ಇಲ್ಲ. ಷರಾ: ಬಾಗಿಲಿಗೆ ಅಡ್ಡ ನಿಂತಿದ್ದರು.

ಆರೋಗ್ಯದ ವಿಷಯ! ಅಮ್ಮನಿಗೆ ಏನಾಗಿದೆ? ಹೆತ್ತ ಮಗನಿಂದ ಮುಚ್ಚಿಡುವಂಥದ್ದು ಏನು? ಅವತ್ತಿನಿಂದ ಅವರು ತಾಯಿಯನ್ನು ಪತ್ತೇದಾರನಂತೆ ಗಮನಿಸತೊಡಗಿದರು. ಅಮ್ಮ ದಿನ ಬಿಟ್ಟು ದಿನ ಹೊರಗೆ ಹೋಗುತ್ತಾರೆ. ಬರುವಾಗ ಮುಖ ಕೆಂಪಗಿರುತ್ತದೆ, ಹಣೆಯಲ್ಲಿ ಬೆವರು. ಎರಡು ಲೋಟ ನೀರು ಒಂದೇ ಉಸಿರಿಗೆ ಕುಡಿಯುತ್ತಾರೆ. ಊಟಕ್ಕೆ ಕೂತರೆ ಎರಡು ಸಲ ಬಡಿಸಿಕೊಳ್ಳುತ್ತಾರೆ. ಕಚೇರಿಯ ಕಪಾಟಿನಲ್ಲಿದ್ದ ದಪ್ಪ ವೈದ್ಯಕೀಯ ಪುಸ್ತಕ ತೆಗೆದು ನೋಡಿದರೆ ಕೆಂಪು ಮುಖ, ಬೆವರು, ಬಾಯಾರಿಕೆ, ಹಸಿವು ನಾಲ್ಕೂ ಸೇರಿದ ಕಾಯಿಲೆ ಒಂದಲ್ಲ, ಹನ್ನೊಂದು ಸಿಕ್ಕವು. ಆರನೆಯ ಕಾಯಿಲೆ ಓದುವಷ್ಟರಲ್ಲಿ ಸಾಹೇಬರಿಗೇ ಬೆವರಿ ಬಾಯಾರಿಕೆಯಾಯಿತು.

ಅಲ್ಲಿಂದ ಅವರಿಗೆ ಬೇರೆ ಏನೂ ಬೇಡವಾಯಿತು. ಅಮ್ಮನೊಬ್ಬರನ್ನು ಬಿಟ್ಟು ಕಂಡಕಂಡವರ ಬೆನ್ನು ಹತ್ತಿದರು. ಮಗಳನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿ, ತಮಗೆ ಎಲ್ಲ ಗೊತ್ತಿರುವವರ ಹಾಗೆ, "ಪಾಪ, ಅಜ್ಜಿಗೆ ಡಾಕ್ಟರು ಕೊನೆಗೆ ಏನಂದ್ರು?" ಎಂದರು.

"ಅಪ್ಪಾ, ಈ ಆಟ ನನ್ನ ಹತ್ರ ಬೇಡ. ಅಮ್ಮಾ, ಬರ್ಕೋ!" ಎಂದು ಮಗಳು ಒಳಗಿನಿಂದಲೇ ಕೂಗಿದಳು.

ಚೀಲ ಹೊತ್ತು ಸಹಾಯ ಮಾಡುತ್ತೇನೆಂದು ಕೈ ಹಾಕಿದರು. ಷರಾ: ಚೀಲ ಎತ್ತುವ ನೆಪ. ಅಮ್ಮನ ದಿಂಬಿನ ಹೊದಿಕೆ ಬದಲಾಯಿಸಲು ಹೋದರು (ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ). ಷರಾ: ದಿಂಬಿನಡಿಯ ಚೀಟಿ ಹುಡುಕಾಟ. ಕೊನೆಗೆ ಮೂಲೆಯ ಕ್ಲಿನಿಕ್ಕಿನ ಡಾಕ್ಟರ ಬಳಿ ಸುಳ್ಳು ಕೆಮ್ಮು ಕೆಮ್ಮುತ್ತಾ ಹೋಗಿ, ಬಾಯಿ ತೆಗೆದು ಆ ಎಂದು ತೋರಿಸಿ, ಬಾಯಿ ಮುಚ್ಚುವ ಮೊದಲೇ, "ನಮ್ಮ ತಾಯಿಗೆ ಏನಾಗಿದೆ ಡಾಕ್ಟ್ರೇ?" ಎಂದರು.

ಡಾಕ್ಟರು ಗಂಟಲಿಗೆ ಬಿಟ್ಟಿದ್ದ ಬೆಳಕು ಆರಿಸಿದರು. "ಹೇಳೋ ಹಾಗಿಲ್ಲ ಸ್ವಾಮಿ. ಯಾವುದೋ ಸಮಿತಿಯಿಂದ ಪತ್ರ ಬಂದಿದೆ. ಬರೆದವನು ಬಹಳ ಕಟ್ಟುನಿಟ್ಟಿನ ಆಸಾಮಿ ಇರಬೇಕು," ಎಂದರು. ಸಾಹೇಬರು ನಿಜವಾಗಿಯೇ ಕೆಮ್ಮುತ್ತಾ ಹೊರಬಂದರು. ಸಂಜೆ ಶ್ರೀಮತಿಯವರು ಆ ಡಾಕ್ಟರ ಫೋನಿನಿಂದ ವಿಷಯ ತಿಳಿದು ಅದನ್ನೂ ಪುಸ್ತಕಕ್ಕೆ ಏರಿಸಿದರು. ಒಂಬತ್ತನೆಯ ದಿನದ ಬೆಳಿಗ್ಗೆಗೆ ಕ್ರಮ ಸಂಖ್ಯೆ ಇಪ್ಪತ್ಮೂರಕ್ಕೆ ಬಂದಿತ್ತು. ಇಪ್ಪತ್ಮೂರರಲ್ಲಿಯೂ ಕೇಳಿದವರು ಒಬ್ಬರೇ.

ಅಂದು ಗುರುವಾರ. ಮರುದಿನವೇ ಸಭೆ. ಮೂರೂವರೆಯ ಹೊತ್ತಿಗೆ ಸಾಹೇಬರು ದಾಖಲೆ ವಿಭಾಗದ ಕಿಟಕಿಯ ಬಳಿ ನಿಂತು ಚಹಾ ಕುಡಿಯುತ್ತಿದ್ದರು. ಕೆಳಗೆ ಆಸ್ಪತ್ರೆಯ ಅಂಗಳದಲ್ಲಿ ಇಬ್ಬರು ಹೆಂಗಸರು ಬೇಗ ಬೇಗ ನಡೆದು ಹಿಂದಿನ ಕಟ್ಟಡದ ಕಡೆ ಹೋಗುತ್ತಿದ್ದರು. ಒಬ್ಬರ ಕೈಯಲ್ಲಿ ಉಬ್ಬಿದ ಚೀಲ, ಇನ್ನೊಬ್ಬರ ಕಂಕುಳಲ್ಲಿ ಪುಸ್ತಕ. ಸಾಹೇಬರ ಕೈಯ ಚಹಾ ಅಂಗಿಯ ಮೇಲಾಯಿತು.

ತಮ್ಮದೇ ಆಸ್ಪತ್ರೆ! ಒಂದು ವಾರದಿಂದ ಊರೆಲ್ಲ ಅಲೆದು ಹುಡುಕಿದ್ದು ತಮ್ಮ ಮೂಗಿನ ಕೆಳಗೇ ಇದೆ! ಅಂದರೆ ಕಡತವೂ ಇಲ್ಲೇ, ಈ ಕಂಪ್ಯೂಟರಿನಲ್ಲೇ ಇದೆ! ಅವರು ಕುರ್ಚಿಗೆ ಹಾರಿ ಕುಳಿತು ತಾಯಿಯ ಹೆಸರು ಹೊಡೆದರು. ನೋಡಲು ಬಯಸುವವರ ಸಂಬಂಧ, ಎಂದು ಕಂಪ್ಯೂಟರ್ ಕೇಳಿತು. ಮಗ, ಎಂದರು. 'ಸಮ್ಮತಿ ಇಲ್ಲ.' ದಾಖಲೆ ವಿಭಾಗದ ಮುಖ್ಯಸ್ಥ, ಎಂದರು. 'ಕಾರಣ?' ತಪಾಸಣೆ. 'ಈ ಕಾರಣಕ್ಕೆ ಸಮ್ಮತಿ ಇಲ್ಲ.' ಒಬ್ಬನೇ ಮಗ, ಎಂದು ಹೊಡೆದರು. 'ಇಂತಹ ಸಂಬಂಧ ಪಟ್ಟಿಯಲ್ಲಿ ಇಲ್ಲ.' ಅಷ್ಟು ಸಂಕಟದ ನಡುವೆಯೂ, ಎಂಥ ಗಟ್ಟಿ ವ್ಯವಸ್ಥೆ ಮಾಡಿದ್ದೇನೆ ನಾನು ಎಂದು ಸಾಹೇಬರಿಗೆ ಹೆಮ್ಮೆಯಾಯಿತು.

ಹೀಗೆ ಇಪ್ಪತ್ತು ನಿಮಿಷ ಗುದ್ದಾಡಿದ ಮೇಲೆ ಮೂಲೆಯಲ್ಲಿದ್ದ ಕೆಂಪು ಗುಂಡಿ ಕಣ್ಣಿಗೆ ಬಿತ್ತು. ತುರ್ತು.

ಕೂಡದು, ಎಂದ ಅವರೊಳಗಿನ ಕರಡು ಬರೆದ ಮನುಷ್ಯ. ಅಮ್ಮ, ಎಂದಿತು ಇನ್ನೊಂದು ದನಿ. ಮಗನ ಮನಸ್ಸಿಗೆ ಆಗಿರುವ ತುರ್ತು ತುರ್ತಲ್ಲವೇ? ಒಂದು ಕ್ಷಣ ತೆರೆದು, ಓದಿ, ಮುಚ್ಚಿಬಿಟ್ಟರೆ? ಸಾಹೇಬರು ಬಾಗಿಲ ಕಡೆ ನೋಡಿದರು, ಯಾರೂ ಇರಲಿಲ್ಲ. ತಾವೇ ಹಾಕಿಸಿದ ಗಂಟೆಯನ್ನು ಮರೆತು ಗುಂಡಿ ಒತ್ತಿದರು. 'ರೋಗಿಗೆ ಪ್ರಜ್ಞೆ ಇದೆಯೇ?' ಎಂದು ಕೊನೆಯ ಪ್ರಶ್ನೆ ಬಂತು. ಸಾಹೇಬರು ಸುಳ್ಳು ಹೇಳುವವರಲ್ಲ. ಆಚೆ ಕಟ್ಟಡದಲ್ಲಿರುವವರ ಪ್ರಜ್ಞೆಯ ವಿಷಯ ಇಲ್ಲಿ ಕುಳಿತವರಿಗೆ ಹೇಗೆ ಗೊತ್ತಾಗಬೇಕು? 'ಗೊತ್ತಿಲ್ಲ' ಎಂದು ಒತ್ತಿದರು.

ಕಡತ ತೆರೆಯಿತು. ಒಂದು ಸಾಲು ಓದಲು ಸಮಯ ಸಿಕ್ಕಿತು: ಫಿಸಿಯೋಥೆರಪಿ ವಿಭಾಗ, ಹಿಂದಿನ ಕಟ್ಟಡ, ಹಾಜರಿ ಮೂರು ಮೂವತ್ತೈದು. ಅಷ್ಟರಲ್ಲಿ ಆಸ್ಪತ್ರೆಯ ಪ್ರತಿಯೊಂದು ಗೋಡೆಯಲ್ಲಿಯೂ ಗಂಟೆ ಬಾರಿಸಿತು, ಧ್ವನಿವರ್ಧಕ ಕೂಗಿತು: "ತುರ್ತು! ಫಿಸಿಯೋಥೆರಪಿ! ಮಹಿಳೆ, ಅರವತ್ತೆಂಟು! ಪ್ರಜ್ಞೆ ತಿಳಿದುಬಂದಿಲ್ಲ!"

ಸಾಹೇಬರು ಎದ್ದುಬಿದ್ದು ಓಡಿದರು. ಮೆಟ್ಟಿಲು ಮೂರು ಮೂರು ಹಾರಿ, ಅಂಗಳ ದಾಟಿ, ಹಿಂದಿನ ಕಟ್ಟಡ ಹೊಕ್ಕರೆ, ಅವರಿಗಿಂತ ಮೊದಲೇ ತುರ್ತು ವಿಭಾಗದ ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು, ಒಂದು ಸ್ಟ್ರೆಚರು ಬಂದು ತಲುಪಿದ್ದವು. (ವ್ಯವಸ್ಥೆ ಅಷ್ಟು ಗಟ್ಟಿಯಾಗಿತ್ತು.) ಕೋಣೆಯ ನಡುವೆ, ಅಲ್ಲಾಡದೆ ನಿಂತಲ್ಲೇ ನಿಲ್ಲುವ ಒಂದು ವ್ಯಾಯಾಮದ ಸೈಕಲ್ಲು. ಅದರ ಮೇಲೆ ಅಮ್ಮ! ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಹೆಗಲ ಮೇಲೆ ಟವೆಲ್ಲು, ಕಣ್ಣು ಮುಂದಿರುವ ಮೀಟರಿನ ಮೇಲೆ. ಅವರು ಸೈಕಲ್ಲನ್ನು ತುಳಿಯುತ್ತಿದ್ದ ರಭಸಕ್ಕೆ ಅದರ ನಟ್ಟು ಬೋಲ್ಟುಗಳೆಲ್ಲ ಗಡಗಡ ಎನ್ನುತ್ತಿದ್ದವು.

"ಅಮ್ಮಾ, ಇಳೀರಿ, ಇಳೀರಿ!" ಎಂದರು ಡಾಕ್ಟರು.

"ತಾಳಪ್ಪ, ಇನ್ನು ಇನ್ನೂರು ಮೀಟರ್ ಇದೆ! ಇವತ್ತು ಐದು ಕಿಲೋಮೀಟರ್ ಮುಗಿಸ್ತೀನಿ!"

"ಬಡಬಡಿಸ್ತಿದ್ದಾರೆ!" ಎಂದು ಡಾಕ್ಟರು ಅಮ್ಮನ ಕೈ ಹಿಡಿದು ನಾಡಿ ನೋಡಿದರು. "ನೂರ ಮೂವತ್ತು! ಮುಖ ಕೆಂಪು! ಬೆವರು! ಎತ್ತಿ!"

ಫಿಸಿಯೋಥೆರಪಿಯ ಹೆಣ್ಣುಮಗಳು "ಸೈಕಲ್ ಹೊಡೆದ್ರೆ ನಾಡಿ ಏರದೆ ಇಳಿಯುತ್ತಾ ಸಾರ್?" ಎಂದು ಕಿರುಚುತ್ತಿದ್ದರೂ ಗಂಟೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನಾಲ್ಕು ಕೈ ಸೇರಿ ಅಮ್ಮನನ್ನು ಎತ್ತಿದವು. ಅಮ್ಮನ ಕಾಲು ಮಾತ್ರ ಗಾಳಿಯಲ್ಲೂ ತುಳಿಯುತ್ತಲೇ ಇತ್ತು. ಸ್ಟ್ರೆಚರು ಓಡಿತು. ಹಿಂದೆ ಟವೆಲ್ಲು ಹಿಡಿದ ಫಿಸಿಯೋಥೆರಪಿಯವಳು, ಅವಳ ಹಿಂದೆ ಬೆನ್ನುನೋವಿನವರು, ಭುಜ ಹಿಡಿದುಕೊಂಡವರು, ಊರುಗೋಲಿನವರು. ಆ ಮೆರವಣಿಗೆ ಔಷಧದ ಕಿಟಕಿಯ ಮುಂದಿನಿಂದಲೂ ಕ್ಯಾಂಟೀನಿನ ಮುಂದಿನಿಂದಲೂ ಹಾದುಹೋಗಿ, ಯಾರ ವಿಷಯವನ್ನು ಯಾರಿಗೂ ತಿಳಿಸಬಾರದೆಂದು ಸಾಹೇಬರು ಮೂರು ತಿಂಗಳು ಕೂತು ಬರೆದಿದ್ದರೋ ಆ ವಿಷಯವನ್ನು ಇಡೀ ಆಸ್ಪತ್ರೆಗೆ ತಿಳಿಸಿತು.

"ಅಮ್ಮಾ! ಏನಾಯ್ತಮ್ಮಾ!" ಎಂದು ಸಾಹೇಬರು ಸ್ಟ್ರೆಚರಿನ ಅಂಚು ಹಿಡಿದು ಅಳುತ್ತಾ ಓಡಿದರು. ಹೌದು, ಅಳುತ್ತಿದ್ದರು. ಅವರಿಗೆ ಆಗ ಹದಿನೇಳು ಆಸ್ಪತ್ರೆಯೂ ನೆನಪಿರಲಿಲ್ಲ, ಶುಕ್ರವಾರವೂ ನೆನಪಿರಲಿಲ್ಲ.

ಅಮ್ಮ ಮುಖಕ್ಕೆ ಹಾಕಿದ್ದ ಆಮ್ಲಜನಕದ ಮುಖವಾಡ ಕಿತ್ತು ಪಕ್ಕಕ್ಕಿಟ್ಟರು. "ಏನೂ ಆಗಿಲ್ಲ ಕಣೋ! ಯಾವನೋ ಮುಟ್ಠಾಳ ಗುಂಡಿ ಒತ್ತಿದ್ದಾನೆ!"

ಸಾಹೇಬರು ಸ್ಟ್ರೆಚರು ಬಿಟ್ಟು ನಿಂತರು. ಪಕ್ಕದಲ್ಲಿ ಏದುಸಿರು ಬಿಡುತ್ತಾ ಬಂದು ನಿಂತ ಶ್ರೀಮತಿಯವರು ಅವರ ಅಂಗಿಯ ಮೇಲಿನ ಚಹಾ ನೋಡಿದರು, ಮುಖ ನೋಡಿದರು, ಪುಸ್ತಕ ಬಿಡಿಸಿದರು.

"ಇಪ್ಪತ್ನಾಲ್ಕು," ಎಂದರು.

ಒಂದು ಗಂಟೆಯೊಳಗೆ ಅಧ್ಯಕ್ಷೆಯವರಿಂದ ಕರೆ ಬಂತು. ಸಾಹೇಬರು ಹೋಗಿ ನಿಂತರೆ ಅವರು ಕನ್ನಡಕ ತೆಗೆದೇ ಇಟ್ಟಿದ್ದರು, ಅದು ಇನ್ನೂ ಕೆಟ್ಟ ಲಕ್ಷಣ.

"ನಾಳೆ ಸಭೇಲಿ ನೀವು ಕೂರೋ ಹಾಗಿಲ್ಲ. ಪುಸ್ತಕದಲ್ಲಿ ಹೆಸರಿರೋರು ತೀರ್ಪಿನ ಜಾಗದಲ್ಲಿ ಇರಬಾರದು. ಪುಸ್ತಕ ಬರೆದವರು ಬರಲಿ. ನಿಮ್ಮ ತಾಯಿಯವರಿಗೆ ದೂರು ಇದ್ರೆ ಅವರೂ ಬಂದು ಹೇಳಲಿ."

"ಮೇಡಂ, ನನ್ನ ಕರಡು..."

"ಅದರ ಹಣೆಬರಹ ಈಗ ನಿಮ್ಮ ತಾಯಿ ಕೈಯಲ್ಲಿದೆ," ಎಂದರು ಅವರು.

ಶುಕ್ರವಾರ ಸಾಹೇಬರು ರಜೆ ಹಾಕಿ ಮನೆಯಲ್ಲಿ ಕುಳಿತರು. ಕುಳಿತರು ಅನ್ನುವುದು ಮಾತಿಗೆ, ನಿಜವಾಗಿ ಬೆಳಗಿನಿಂದ ತುದಿಗಾಲ ಮೇಲೆ ನಿಂತಿದ್ದರು. ಅಮ್ಮ ಕ್ಯಾನ್ವಾಸ್ ಬೂಟು ಬಿಗಿದುಕೊಂಡು, ಸೊಸೆಯ ಜೊತೆ ಸಭೆಗೆ ಹೊರಟು ಹೋಗಿದ್ದರು. ಮೂರು ತಿಂಗಳ ಕೆಲಸ ನೀರುಪಾಲಾದಂತೆಯೇ ಎಂದು ಸಾಹೇಬರು ಒಮ್ಮೆ ಅಂದುಕೊಳ್ಳುವರು, ಇಪ್ಪತ್ನಾಲ್ಕು ತಪ್ಪಾದರೂ ಅಮ್ಮ ಅಮ್ಮನೇ ಅಲ್ಲವೇ ಎಂದು ಇನ್ನೊಮ್ಮೆ ಅಂದುಕೊಳ್ಳುವರು. ಕೈ ಸುಮ್ಮನಿರಲಾರದೆ ದಿನಪತ್ರಿಕೆಯ ಅಂಚಿನಲ್ಲೆಲ್ಲ ಗೆರೆ ಎಳೆದು ಹಾಕಿದರು.

ಐದು ಗಂಟೆಗೆ ಬಾಗಿಲು ತೆರೆಯಿತು. ಅಮ್ಮ ನಿಧಾನವಾಗಿ ಕುರ್ಚಿಯಲ್ಲಿ ಕುಳಿತು, ಎಡಗಾಲಿನ ಬೂಟಿನ ದಾರ ಬಿಚ್ಚಿದರು, ಬಲಗಾಲಿನ ದಾರ ಬಿಚ್ಚಿದರು. ಸಾಹೇಬರಿಗೆ ಜೀವ ಹೋಗಿ ಜೀವ ಬಂತು.

"ಪಾಸಾಯ್ತು," ಎಂದರು ಅಮ್ಮ.

"ಏನು?"

"ಕಿವೀನೂ ಕೆಟ್ಟಿತಾ? ಪಾಸಾಯ್ತು ಕಣೋ! ಹದಿನೇಳಕ್ಕೂ!"

ಸಾಹೇಬರು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಛಾವಣಿ ಬಡಿದರು. ಹೆಂಡತಿಯ ಕೈ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟರು. "ಹೇಗೆ? ಹೇಗೆ ಪಾಸಾಯ್ತು? ಏನಂದ್ರು?"

ಶ್ರೀಮತಿಯವರು ಸೀರೆ ಸರಿಮಾಡಿಕೊಂಡು ಹೇಳಿದರು: "ಪುಸ್ತಕ ಪೂರ್ತಿ ಓದಿ ಹೇಳ್ದೆ. ಬೀಗದ ಕೈ ಇಟ್ಕೊಂಡಿರೋನು, ನಿಯಮದ ಒಳಹೊರಗು ತಿಳಿದೋನು, ಹಗಲೂ ರಾತ್ರಿ ಇಪ್ಪತ್ಮೂರು ಸಲ ಪ್ರಯತ್ನ ಪಟ್ರೂ ಒಂದಕ್ಷರ ಸಿಗಲಿಲ್ಲ. ಇಪ್ಪತ್ನಾಲ್ಕನೇ ಸಲ ನಾಲ್ಕೇ ನಿಮಿಷದಲ್ಲಿ ಸಿಕ್ಕಿಬಿದ್ದ. ಇದಕ್ಕಿಂತ ಕಠಿಣವಾದ ಪರೀಕ್ಷೆ ಯಾವ ಆಸ್ಪತ್ರೇಲೂ ಮಾಡೋಕಾಗಲ್ಲ ಅಂತ ಅಧ್ಯಕ್ಷೆಯವರು ಎದ್ದು ನಿಂತು ಚಪ್ಪಾಳೆ ಹೊಡೆದ್ರು."

"ನನ್ನ ಹೆಸರು? ನಡಾವಳೀಲಿ ನನ್ನ ಹೆಸರು ಬಂತಾ?"

"ಗೋಪ್ಯತೆ ಅಲ್ವೇನ್ರೀ? ಹೆಸರು ಹಾಕೋ ಹಾಗಿಲ್ಲ. 'ಅತಿಕ್ರಮಿ, ಸಂಬಂಧದಲ್ಲಿ ಮಗ' ಅಂತ ಬರೆದಿದ್ದಾರೆ. ಹದಿನೇಳು ಆಸ್ಪತ್ರೆಗೂ ಒಂದೊಂದು ಪ್ರತಿ ಕಳಿಸ್ತಾರಂತೆ."

ಸಾಹೇಬರು ಮೆತ್ತಗೆ ಕುಳಿತುಕೊಂಡರು.

"ಒಂದು ತಿದ್ದುಪಡಿ ಆಯ್ತು," ಎಂದರು ಅಮ್ಮ. "ನಾನೇ ಹೇಳಿದ್ದು. ಎಲ್ಲಕ್ಕಿಂತ ಮೇಲೆ, ಮೊದಲನೇ ನಿಯಮ ಅಂತ ಹಾಕ್ಕೊಂಡ್ರು. ರೋಗಿಗೆ ಮಾತಾಡೋಕೆ ಬರ್ತಾ ಇದ್ರೆ ಮೊದಲು ರೋಗೀನೇ ಕೇಳಬೇಕು."

"ನೀನು ಬೇಡ ಅಂತ ಬರೆದಿದ್ದೆಯಲ್ಲಮ್ಮ..."

"ಹೂಂ, ಬರೆದೆ. ಮೊಣಕಾಲು ನೋವು ಅಂದಿದ್ರೆ ನೀನು ನನ್ನನ್ನ ಕುರ್ಚಿಯಿಂದ ಏಳೋಕೆ ಬಿಡ್ತಿರಲಿಲ್ಲ. ಐದು ಕಿಲೋಮೀಟರ್ ತುಳಿದು ತೋರಿಸಿ ಆಮೇಲೆ ಹೇಳೋಣ ಅಂತಿದ್ದೆ. ಯಾಕೆ ಅಂತ ಕೇಳಬಾರದು ಅಂತ ನೀನು ಬರೆದಿದ್ದು ಸರಿ. ಹೇಗಿದ್ದೀಯಮ್ಮ ಅಂತ ಕೇಳಬಾರದು ಅಂತ ಎಲ್ಲಿ ಬರೆದಿದ್ದೆ? ಹೆಂಡ್ತೀನ ಕೇಳ್ದೆ, ಮಗಳನ್ನ ಕೇಳ್ದೆ, ಡಾಕ್ಟರನ್ನ ಕೇಳ್ದೆ, ಕಂಪ್ಯೂಟರನ್ನೂ ಕೇಳ್ದೆ. ಪಕ್ಕದ ಕೋಣೇಲಿ ಒಂಬತ್ತು ದಿನ ಕೂತಿದ್ದೆ ನಾನು."

ಸಾಹೇಬರಿಗೆ ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ನಿಜವೇ, ಒಂದು ದಿನವೂ ಅವರು ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತಿರಲಿಲ್ಲ. ದಿಂಬು ಎತ್ತಿ ನೋಡಿದ್ದರು, ಅದರ ಮೇಲೆ ತಲೆಯಿಡುವವರನ್ನು ಮಾತಾಡಿಸಿರಲಿಲ್ಲ. ಅವರಿಗೆ ತುಂಬ ನಾಚಿಕೆಯಾಯಿತು, ಅಮ್ಮನ ಮೇಲೆ ತುಂಬ ಪ್ರೀತಿಯೂ ಬಂತು. ಅವರು ಕುರ್ಚಿಯನ್ನು ಎಳೆದುಕೊಂಡು ಅಮ್ಮನ ಮುಂದೆ ಕುಳಿತು, ಅವರ ಎರಡೂ ಕೈ ಹಿಡಿದುಕೊಂಡರು.

"ಹೇಗಿದ್ದೀಯಮ್ಮ?"

ಅಮ್ಮನ ಮುಖ ಅರಳಿತು. ಸೊಸೆಯ ಕೈಯಿಂದ ನಮೂನೆ ಇಸಿದುಕೊಂಡು, ಮಗನ ಹೆಸರಿನ ಮುಂದಿದ್ದ 'ಬೇಡ' ಹೊಡೆದುಹಾಕಿ, 'ಹೌದು' ಎಂದು ಬರೆದರು. ಏನನ್ನು ಎಂಬಲ್ಲಿ 'ಎಲ್ಲ'. ಯಾತಕ್ಕೆ ಎಂಬಲ್ಲಿ 'ಅವನೇ ಕೇಳಿದ'. ಎಷ್ಟು ದಿನ ಎಂಬಲ್ಲಿ 'ಮುಗಿಯುವ ತನಕ'. ಆಮೇಲೆ ಸೆರಗು ಸರಿಮಾಡಿಕೊಂಡು, ಎಡ ಮೊಣಕಾಲಿನಿಂದ ಶುರು ಮಾಡಿದರು.

ಎಡ ಮೊಣಕಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಬಲ ಮೊಣಕಾಲು ಎಡದ್ದಕ್ಕಿಂತ ಹೇಗೆ ಬೇರೆ ಎಂಬುದಕ್ಕೆ ಅರ್ಧ ಗಂಟೆ. ಅಲ್ಲಿಂದ ಸೊಂಟ, ಸೊಂಟದಿಂದ ಮೂವತ್ತು ವರ್ಷದ ಹಿಂದೆ ಮೆಟ್ಟಿಲಿನಲ್ಲಿ ಜಾರಿದ್ದು, ಜಾರಿದ ದಿನ ನೋಡಿದ ಡಾಕ್ಟರು, ಆ ಡಾಕ್ಟರಿಗಿದ್ದ ಆಮಶಂಕೆ. ಮಗಳು ಓದುವುದಿದೆ ಎಂದು ಎದ್ದು ಹೋದಳು. ಶ್ರೀಮತಿಯವರು ಪುಸ್ತಕದಲ್ಲಿ 'ಇಪ್ಪತ್ತೈದು: ಕೊಡಲಾಗುತ್ತಿದೆ' ಎಂದು ಬರೆದಿಟ್ಟು ಅಡುಗೆಮನೆ ಸೇರಿದರು. ಅಮ್ಮ ಈಗ ಹೊಟ್ಟೆಯ ವಿಚಾರಕ್ಕೆ ಬಂದಿದ್ದರು, ವಿವರವಾಗಿ.

ಸಾಹೇಬರು ಒಂದು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಮೇಜಿನ ಮೇಲಿದ್ದ ನಮೂನೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮುಂದೆ ನೋಡಿದರು, ಹಿಂದೆ ತಿರುಗಿಸಿ ನೋಡಿದರು. ಹೇಳುವವರು ಬೇಡ ಎನ್ನಲು ಅದರಲ್ಲಿ ಜಾಗವಿತ್ತು. ಕೇಳಿಸಿಕೊಳ್ಳುವವನು ಸಾಕು ಎನ್ನಲು ಅವರು ಕಾಲಂ ಹಾಕಿಯೇ ಇರಲಿಲ್ಲ.